ಕಣ್ಣಲ್ಲಿ ಬೆಕ್ಕಿನ ಮೀಸೆ

"ಅಲ್ಲಾಡ್ಬೇಡಿ ಅಂಕಲ್. ಗದ್ದ ಇಲ್ಲಿಡಿ, ಹಣೆ ಈ ಪಟ್ಟಿಗೆ ಒತ್ಕೊಳ್ಳಿ. ನನ್ನ ಕಿವೀನೇ ನೋಡ್ತಾ ಇರಿ."

ಕಾಂತಪ್ಪನವರು ಹೇಳಿದ ಹಾಗೆ ಮಾಡಿದರು. ಯಂತ್ರದ ಆಚೆ ಬದಿಯಲ್ಲಿ ಕೂತ ಹುಡುಗಿ, ಮೌನ, ಬೆಳಕಿನ ಸೀಳೊಂದನ್ನು ಅವರ ಬಲಗಣ್ಣಿನ ಮೇಲೆ ಮೆಲ್ಲಗೆ ಎಳೆದಳು. ಮದರಾಸಿನ ಆರ್ಯಗೌಡ ರಸ್ತೆಯ ಆ ಕನ್ನಡಕದಂಗಡಿಯ ಒಳಕೋಣೆಯಲ್ಲಿ ನಾಲ್ಕು ಜನ ನಿಂತರೆ ಐದನೆಯವರಿಗೆ ಉಸಿರಾಡಲು ಜಾಗವಿಲ್ಲ. ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಗುಣವತಿಯ ನಾಲಿಗೆಯಲ್ಲಿ ಬೆಳಗಿನ ಪಾಲೆ ಕಷಾಯದ ಕಹಿ ಇನ್ನೂ ಉಳಿದಿತ್ತು. ಒಂದು ಲೋಟ ಕಾಫಿ ಸಿಕ್ಕಿದರೆ ಸಾಕಪ್ಪಾ ಎನ್ನಿಸುತ್ತಿತ್ತು.

ಹೆಸರೇನೋ ಮೌನ. ಆದರೆ ಮೈಸೂರಿನಿಂದ ಬಂದ ಆ ಹುಡುಗಿ ಬಾಯಿ ಮುಚ್ಚಿ ಕೂತದ್ದನ್ನು ಗುಣವತಿ ಒಂದು ದಿನವೂ ಕಂಡಿರಲಿಲ್ಲ. ಈಗ ಅವಳು ಬಲಗಣ್ಣು ಮುಗಿಸಿ ಎಡಗಣ್ಣಿಗೆ ಬಂದಳು, ಮತ್ತೆ ಬಲಗಣ್ಣಿಗೆ ಹೋದಳು, ಒಂದು ಮಾತೂ ಆಡಲಿಲ್ಲ.

"ಆಂಟಿ, ನೀವೇ ಒಂದ್ಸಲ ನೋಡ್ಬಿಡಿ," ಎಂದು ಕೊನೆಗೆ ಕುರ್ಚಿ ಬಿಟ್ಟೆದ್ದಳು.

ಗುಣವತಿ ಕೂತು ಕಣ್ಣಿಟ್ಟಳು. ಕಪ್ಪುಗುಡ್ಡೆಯ ಮೇಲಿನ ಗಾಜಿನಂಥ ಪೊರೆ. ಅದರ ನಡುವಿಗಿಂತ ತುಸು ಕೆಳಗೆ ಒಂದು ಚುಕ್ಕೆ. ಆ ಚುಕ್ಕೆಯಿಂದ ಎಡಕ್ಕೂ ಬಲಕ್ಕೂ ಬಾಗಿ ಹೋದ ನವಿರಾದ ಕಂದು ಗೆರೆಗಳು, ಥೇಟ್ ಬೆಕ್ಕಿನ ಮೀಸೆ. ಎರಡು ಕಣ್ಣಲ್ಲೂ ಅದೇ.

"ದೃಷ್ಟಿಗೇನೂ ತೊಂದ್ರೆ ಇಲ್ಲ," ಎಂದಳು ಮೌನ. "ಕಾಲೇಜಲ್ಲಿ ಫೋಟೋದಲ್ಲಿ ನೋಡಿದ್ದೆ ಅಷ್ಟೆ. ಒಂದು ಥರ ವಂಶದ ಕಾಯಿಲೆ ಇದ್ರೆ ಹೀಗಾಗುತ್ತೆ. ಇಲ್ಲಾಂದ್ರೆ ಕೆಲವು ಮಾತ್ರೇನ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಿಂದ್ರೆ ಆಗುತ್ತೆ."

"ವಂಶದ್ದಲ್ಲ ಅಂತ ನಿನ್ನೆಯೇ ಗೊತ್ತಾಗಿದೆ," ಎಂದಳು ಗುಣವತಿ. "ಇನ್ನು ಉಳಿದದ್ದು ಒಂದೇ."

ಕಾಂತಪ್ಪನವರ ಮೂತ್ರಪಿಂಡದ ಚೂರಿನಲ್ಲಿ ಪಟ್ಟೆ ಪಟ್ಟೆ ಗಂಟುಗಳನ್ನು ಕಂಡ ವೈದ್ಯರು ಇದು ವಂಶದ ಕಾಯಿಲೆ ಎಂದು ಬರೆದು ಮೂರು ವಾರವಾಗಿತ್ತು. ನಿನ್ನೆ ಬಂದ ರಕ್ತದ ವರದಿ ಅಲ್ಲ ಎಂದಿತ್ತು. ಅಲ್ಲವಾದರೆ ಮತ್ತೇನು ಎಂದು ವೈದ್ಯರಿಗೆ ತಿಳಿದಿರಲಿಲ್ಲ. ಹೃದಯದ ಗೋಡೆಯೂ ದಪ್ಪವಾಗತೊಡಗಿದೆ, ಕಾರಣ ಸಿಕ್ಕದಿದ್ದರೆ ಈ ವರ್ಷ ಕಳೆಯುವುದು ಕಷ್ಟ ಎಂದು ವೈದ್ಯರು ಮಗಳನ್ನು ಹೊರಗೆ ಕರೆದು ಹೇಳಿದ್ದರು.

ಆ ಮಗಳು, ನಮಿತಾ, ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಈ ತನಿಖೆಯನ್ನು ಗುಣವತಿಯ ಕೈಗೆ ಕೊಟ್ಟವಳೇ ಅವಳು. ಕಾಯಿಲೆ ವಂಶದ್ದಾದರೆ ಅಪ್ಪನಿಂದ ಪ್ರತಿ ಹೆಣ್ಣುಮಗುವಿಗೂ ತಪ್ಪದೆ ಬರುತ್ತದೆ ಎಂದು ವೈದ್ಯರು ಹೇಳಿದ ಮರುದಿನವೇ ಕೌಶಿಕ್‌ನ ಮನೆಯವರು ನಿಶ್ಚಿತಾರ್ಥವನ್ನು ಮುಂದಕ್ಕೆ ಹಾಕಿದ್ದರು. ಎಷ್ಟು ಮುಂದಕ್ಕೆ ಎಂದು ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಕಾಂತಪ್ಪನವರಿಗೆ ಆ ಹುಡುಗ ಮೊದಲಿಂದಲೂ ಇಷ್ಟವಿರಲಿಲ್ಲ, ಮಗಳ ಎರಡು ವರ್ಷದ ಹಟಕ್ಕೆ ಬಾಯಿಮಾತಿಗೆ ಒಪ್ಪಿದ್ದರು.

"ಅಪ್ಪಾ, ಕೇಳಿದ್ರಾ? ಎನಕ್ಕು ಒಣ್ಣುಮೇ ಇಲ್ಲೆ. ನನ್ ಬ್ಲಡ್‌ನಲ್ಲಿ ಏನೂ ಇಲ್ಲ. ಕೌಶಿಕ್‌ಗೆ ಈಗ್ಲೇ ಫೋನ್ ಮಾಡ್ತೀನಿ."

"ಅವಸರ ಎಂತಕ್ಕೆ?" ಎಂದರು ಕಾಂತಪ್ಪ. ಗದ್ದ ಇನ್ನೂ ಯಂತ್ರದ ಮೇಲೆಯೇ ಇತ್ತು. "ಪೂರಾ ಗೊತ್ತಾಗಲಿ. ಆಮೇಲೆ ಹೇಳಿದ್ರಾಯ್ತು."

ಮಗಳು ಪಾರಾದಳು ಎಂದು ಕೇಳಿದ ತಂದೆಯ ಮುಖ ಅದಾಗಿರಲಿಲ್ಲ. ಸುಸ್ತಾಗಿದ್ದಾರೆ ಪಾಪ ಎಂದುಕೊಂಡಳು ಗುಣವತಿ. ತನಿಖೆ ಮಾಡುವವರು 'ಪಾಪ' ಎಂದುಕೊಳ್ಳಬಾರದು. ಅವಳಿಗೆ ಅದು ಗೊತ್ತಿತ್ತು, ಆದರೆ ಕಾಂತಣ್ಣನ ವಿಷಯದಲ್ಲಿ ಗೊತ್ತಿರುವುದೆಲ್ಲ ಮರೆತುಹೋಗುತ್ತಿತ್ತು.

*

ಕಾಂತಪ್ಪನವರ ಹೋಟೆಲ್ ಪಂಚಮಿ ವಿಲಾಸದ ಹಿಂದಿನ ಮೇಜು ಯಾವ ಗಿರಾಕಿಗೂ ಸಿಕ್ಕುವುದಿಲ್ಲ. ಮೂವತ್ತೊಂದು ವರ್ಷದ ಹಿಂದೆ ಜಯಪ್ರಕಾಶರ ಹೊಸ ಹೆಂಡತಿಯಾಗಿ ಗುಣವತಿ ಮದರಾಸಿಗೆ ಬಂದಿಳಿದ ದಿನ ಮೊದಲ ಊಟ ಮಾಡಿದ್ದು ಅದೇ ಮೇಜಿನಲ್ಲಿ. ಜಯಪ್ರಕಾಶ ಮತ್ತು ಕಾಂತಪ್ಪ ಒಂದೇ ಊರಿನವರು, ಒಂದೇ ರೈಲಿನಲ್ಲಿ ಬಂದು ಒಂದೇ ಕೋಣೆಯಲ್ಲಿ ಚಾಪೆ ಹಾಸಿದವರು. ಒಬ್ಬರು ಔಷಧ ಕಂಪನಿಯ ಬ್ಯಾಗು ಹಿಡಿದರು, ಇನ್ನೊಬ್ಬರು ದೋಸೆ ಕಾವಲಿ ಹಿಡಿದರು. ಸ್ನೇಹ ಮಾತ್ರ ಹಾಗೆಯೇ ಉಳಿಯಿತು.

ಗುಣವತಿ ಕೀಲ್ಪಾಕ್‌ನ ಒಂದು ಪ್ರಯೋಗಾಲಯದಲ್ಲಿ ಇಪ್ಪತ್ತೇಳು ವರ್ಷ ಎಲೆಕ್ಟ್ರಾನ್ ಮೈಕ್ರೊಸ್ಕೋಪಿನ ಮುಂದೆ ಕೂತು ನಿವೃತ್ತಳಾದಳು. ಈಗ ಜನ ವರದಿ ಹಿಡಿದು ಮನೆಗೆ ಬರುತ್ತಾರೆ. ಪೊಲೀಸರೂ ಮೂರು ಸಲ ಬಂದಿದ್ದರು. ಮೂರು ಸಲವೂ ಬರಿಗೈಯಲ್ಲಿ ಹೋಗಲಿಲ್ಲ.

"ಒಳಗೆ ಎಂತ ಆಗುದು ಅಂತ ನಂಗೆ ತಿಳಿಯುವ ಹಾಗೆ ಹೇಳು ಗುಣ," ಎಂದರು ಕಾಂತಪ್ಪ. "ಆ ಡಾಕ್ಟ್ರ ಇಂಗ್ಲಿಷ್ ನಂಗೆ ಆಗ್ಲಿಕ್ಕಿಲ್ಲ."

"ನಿಮ್ಮ ಹೋಟೆಲಿನ ಹಿಂದೆ ಪಾತ್ರೆ ತೊಳಿಯುವ ಜಾಗ ಉಂಟಲ್ಲ, ಹಾಗೆ ಪ್ರತಿ ಜೀವಕೋಶದ ಒಳಗೆ ಸಣ್ಣ ಸಣ್ಣ ಚೀಲ ಉಂಟು. ಹಳೇ ಕೊಬ್ಬು, ಬೇಡಾದ್ದು, ಎಲ್ಲ ಅಲ್ಲಿಗೆ ಹೋಗಿ ಕರಗಬೇಕು. ಕೆಲವು ಔಷಧಿಗಳು ಆ ಚೀಲದ ಒಳಗೆ ಹೊಕ್ತವೆ, ಹೊರಗೆ ಬರ್ಲಿಕ್ಕೆ ಗೊತ್ತಿಲ್ಲ. ಒಳಗೆ ಕೂತು ಕರಗಿಸುವ ಕೆಲಸವನ್ನೇ ತಡೀತವೆ. ಕೊಬ್ಬು ಬರ್ತಾ ಉಂಟು, ಹೋಗುದಿಲ್ಲ. ಪದರದ ಮೇಲೆ ಪದರ."

"ಆಮೇಲೆ?"

"ನನ್ನ ಮೈಕ್ರೊಸ್ಕೋಪಿನಲ್ಲಿ ನೋಡಿದ್ರೆ ಪತ್ರೊಡೆ ಅಡ್ಡ ಕುಯ್ದ ಹಾಗೆ ಕಾಣ್ತದೆ. ಸುರುಳಿ ಸುರುಳಿ. ವಂಶದ ಕಾಯಿಲೆಯಲ್ಲೂ ಹಾಗೇ ಕಾಣುದು. ಅದಕ್ಕೇ ಡಾಕ್ಟ್ರು ಎಡವಿದ್ದು, ಅವರ ತಪ್ಪಲ್ಲ."

ಕಾಂತಪ್ಪನವರು ಕೈಬೆರಳು ನೋಡಿಕೊಂಡರು. ನಲವತ್ತು ವರ್ಷ ಕೆಸುವಿನೆಲೆಗೆ ಹಿಟ್ಟು ಸವರಿದ ಬೆರಳುಗಳು.

"ಆ ಔಷಧಿ ನಿಲ್ಲಿಸಿದ್ರೆ?"

"ಚೀಲ ತನ್ನಷ್ಟಕ್ಕೆ ಕೆಲಸ ಶುರು ಮಾಡ್ತದೆ. ಮೆಲ್ಲ ಖಾಲಿ ಆಗ್ತದೆ. ಆದ್ರೆ ಹೃದಯ ಪೂರಾ ಹಾಳಾಗುವ ಮೊದಲು ನಿಲ್ಲಿಸ್ಬೇಕು ಕಾಂತಣ್ಣ. ನಿಲ್ಲಿಸ್ಬೇಕಾದ್ರೆ ಅದು ಎಲ್ಲಿಂದ ಬರ್ತಾ ಉಂಟು ಅಂತ ಗೊತ್ತಾಗ್ಬೇಕು."

ಎಲ್ಲಿಂದ? ಅದೇ ಪ್ರಶ್ನೆ. ಮಾತ್ರೆಯ ಡಬ್ಬಿಯನ್ನು ಪ್ರತಿ ಭಾನುವಾರ ತುಂಬುವವನು ಕಾಂತಪ್ಪನವರ ಮಗ ಮನೀಶ್. ಹೋಟೆಲನ್ನು ಒಡೆದು ಗಾಜಿನ ಕಟ್ಟಡ ಮಾಡಬೇಕೆಂದು ಅಪ್ಪನೊಡನೆ ವರ್ಷದಿಂದ ಜಗಳ ಕಾಯುತ್ತಿದ್ದವನು. ಮಾತ್ರೆಯಿಂದಲೂ ಹೀಗಾಗಬಹುದೆಂದು ಗೊತ್ತಿದ್ದ ಗುಣವತಿ, ರಕ್ತದ ವರದಿ ಬರುವ ಮೊದಲೇ ಎರಡು ವಾರ ಅವನನ್ನೇ ಅನುಮಾನಿಸಿದ್ದಳು. ರಕ್ತದೊತ್ತಡದ್ದು, ಸಕ್ಕರೆಯದು, ಗ್ಯಾಸಿನದು ಎಂದು ಒಂದೊಂದು ಮಾತ್ರೆಯನ್ನೂ ಪರೀಕ್ಷೆಗೆ ಕಳಿಸಿದ್ದಳು. ಎಲ್ಲವೂ ಚೀಟಿಯಲ್ಲಿ ಬರೆದದ್ದೇ. ಹುಡುಗ ಬಾಯಿಬಡುಕನೇ ಹೊರತು ಕೆಟ್ಟವನಲ್ಲ.

ಇನ್ನು ಅಡುಗೆಯ ಸಂದೇಶ್. ಧಣಿಗೆಂದು ಬೇರೆ ಒಲೆ ಹಚ್ಚುವವನಲ್ಲ ಅವನು. ಮುನ್ನೂರು ಜನ ಉಣ್ಣುವ ಹಂಡೆಯಿಂದಲೇ ಅವರಿಗೂ ಬಡಿಸುತ್ತಾನೆ. ಆ ಮುನ್ನೂರು ಜನ ಗುಂಡುಕಲ್ಲಿನ ಹಾಗಿದ್ದರು.

"ಲೇಹ್ಯ, ಚೂರ್ಣ, ಎಣ್ಣೆ, ಯಾರೋ ಕೊಟ್ಟ ಬೇರು, ಎಂತಾದ್ರೂ?" ಎಂದು ಗುಣವತಿ ನಾಲ್ಕನೆಯ ಸಲ ಕೇಳಿದಳು.

"ಎಂತದೂ ಇಲ್ಲ ಮಾರಾಯ್ತಿ. ಎಷ್ಟು ಸಲ ಹೇಳುದು?"

ಆಗ ಸಂದೇಶ್ ಒಳಗಿನಿಂದ ಒಂದು ಬಟ್ಟಲು ತಂದು ಧಣಿಯ ಮುಂದಿಟ್ಟ. "ಅಣ್ಣ, ಮೆಂತೆ ಗಂಜಿ. ಬೆಳಿಗ್ಗೆ ಕಣ್ಣಿನ ಡಾಕ್ಟ್ರ ಹತ್ರ ಅಂತ ಕುಡೀದೇ ಹೋದ್ರಲ್ಲ."

ಬೆಲ್ಲ, ತೆಂಗಿನಹಾಲು, ಮೆಂತ್ಯದ ವಾಸನೆ ಮೇಜಿನ ತುಂಬ ಹರಡಿತು. ಗುಣವತಿ ಬಟ್ಟಲನ್ನೇ ನೋಡಿದಳು.

"ನಿತ್ಯ ಮಾಡ್ತೀಯಾ ಇದನ್ನು?"

"ನಿತ್ಯ ಅಕ್ಕ. ಪಾಲೆ ಕುಡಿದ ಮೇಲೆ ಹೊಟ್ಟೆ ತಂಪಾಗ್ಬೇಕಲ್ಲ. ನಿಮಗೆ ಗೊತ್ತಿಲ್ಲದ್ದಾ."

ಗೊತ್ತಿಲ್ಲದ್ದಾ! ಕರಾವಳಿಯಲ್ಲಿ ಹುಟ್ಟಿದ ಯಾವ ಮಗುವಿಗೆ ಗೊತ್ತಿಲ್ಲ? ಆಟಿ ತಿಂಗಳ ಅಮಾವಾಸ್ಯೆಯಂದು ಸೂರ್ಯ ಹುಟ್ಟುವ ಮೊದಲು ಪಾಲೆ ಮರದ ತೊಗಟೆಯನ್ನು ಕಲ್ಲಿನಲ್ಲಿ ಜಜ್ಜಿ ತೆಗೆದು, ಅದರ ರಸವನ್ನು ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ಕಹಿ ಎಂದರೆ ಎಂಥ ಕಹಿ, ನೆತ್ತಿಗೆ ಹತ್ತುವಂಥದು. ಅದರ ಉರಿ ಇಳಿಯಲು ಮೆಂತೆ ಗಂಜಿ. ವರ್ಷಕ್ಕೊಮ್ಮೆ ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲವೆಂಬ ನಂಬಿಕೆ.

ಜಯಪ್ರಕಾಶರು ಈ ವರ್ಷಕ್ಕೊಮ್ಮೆಯನ್ನು ದಿನಕ್ಕೊಮ್ಮೆ ಮಾಡಿದ್ದರು. ನಿವೃತ್ತಿಯಾದ ಮೇಲೆ, ಈಗ ಎರಡು ವರ್ಷ. "ಮದರಾಸಿನ ಸೊಳ್ಳೆಗೆ, ಸೆಕೆಗೆ ವರ್ಷಕ್ಕೊಂದು ಲೋಟ ಎಲ್ಲಿ ಸಾಕಾಗ್ತದೆ?" ಎಂದು ಊರಿನ ತಮ್ಮನಿಂದ ಒಣಗಿಸಿದ ತೊಗಟೆ ತರಿಸಿ, ಪುಡಿ ಮಾಡಿ ಡಬ್ಬಿಯಲ್ಲಿಟ್ಟು, ದಿನಾ ಬೆಳಿಗ್ಗೆ ಕಷಾಯ ಕುದಿಸಿ ಗೆಳೆಯನಿಗೆ ಬಾಟಲಿಯಲ್ಲಿ ಒಯ್ಯುತ್ತಿದ್ದರು. ಪಾತ್ರೆಯಲ್ಲಿ ಉಳಿದದ್ದನ್ನು ಗುಣವತಿಯೇ ಎರಡು ಲೋಟಕ್ಕೆ ಬಗ್ಗಿಸುತ್ತಿದ್ದಳು. ಒಂದು ಗಂಡನಿಗೆ, ಒಂದು ತನಗೆ.

ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಏನು ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಎಷ್ಟು ವೈದ್ಯರು ಕೇಳಿದರು, ಎಷ್ಟು ಸಲ ಇವಳೇ ಕೇಳಿದಳು! ಕಾಂತಪ್ಪ ಹೇಳಲಿಲ್ಲ, ಮನೀಶ್ ಹೇಳಲಿಲ್ಲ. ದಿನಾ ಬೆಳಿಗ್ಗೆ ಅದನ್ನೇ ಕುಡಿದು ತನಿಖೆಗೆ ಹೊರಡುತ್ತಿದ್ದ ಗುಣವತಿಗೂ ಹೊಳೆಯಲಿಲ್ಲ.

"ನೀವು ಎಂತಕ್ಕೆ ಹೇಳ್ಲಿಲ್ಲ ಕಾಂತಣ್ಣ?"

"ಅದು ಔಷಧಿಯಾ? ಅದು ಪಾಲೆ," ಎಂದರು ಕಾಂತಪ್ಪ. ಗಂಜಿಯ ಬಟ್ಟಲಿನಿಂದ ಮುಖ ಎತ್ತಲಿಲ್ಲ. "ನೀನೂ ಕೇಳ್ಲಿಲ್ಲ."

ಪಾಲೆಯಿಂದ ಬೆಕ್ಕಿನ ಮೀಸೆ ಬರುವುದಿಲ್ಲ. ಹಾಗೆ ಬರುವುದಾದರೆ ಆಟಿ ಕಳೆದ ಮೇಲೆ ಇಡೀ ಕರಾವಳಿಯ ಕಣ್ಣಲ್ಲಿ ಮೀಸೆ ಇರಬೇಕಿತ್ತು. ಆದರೆ ಅಷ್ಟು ಕಹಿಯೊಳಗೆ ಇನ್ನೊಂದು ಕಹಿಯನ್ನು ಬಚ್ಚಿಟ್ಟರೆ ಯಾವ ನಾಲಿಗೆ ಕಂಡುಹಿಡಿಯುತ್ತದೆ? ಮಲೇರಿಯಾ ಮಾತ್ರೆಯ ಕಹಿ, ಉದಾಹರಣೆಗೆ. ಜೀವಕೋಶದ ಚೀಲದೊಳಗೆ ಹೊಕ್ಕು ಹೊರಬರದ ಔಷಧಿಗಳ ಪಟ್ಟಿಯಲ್ಲಿ ಅದು ಮೇಲಿನ ಸಾಲಿನಲ್ಲೇ ಇತ್ತು.

ಆ ಮಾತ್ರೆಯನ್ನು ಬ್ಯಾಗಿನಲ್ಲಿ ತುಂಬಿಕೊಂಡು ಮೂವತ್ತು ವರ್ಷ ಊರೂರು ತಿರುಗಿದವರು ಯಾರೆಂದು ಗುಣವತಿ ಯಾರನ್ನೂ ಕೇಳಬೇಕಾಗಿರಲಿಲ್ಲ.

ಪಾಲೆ ಬಿಡಿ ಎಂದು ಆಗಲೇ ಹೇಳಿಬಿಡಬಹುದಿತ್ತು. ಹೇಳಿದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಗಂಡನ ಹೆಸರು ಬರುತ್ತದೆ. ಮುಂದಿನ ಬಾಟಲಿ ಬರುವುದು ನಾಳೆ ಬೆಳಿಗ್ಗೆ. ಅಷ್ಟರವರೆಗೆ ಸಮಯವಿದೆ ಎಂದು ಅವಳು ಎದ್ದಳು. ಚಪ್ಪಲಿ ಮೆಟ್ಟುವಾಗ ಎಡಗಾಲಿನದು ಬಲಕ್ಕೆ ಹೋಯಿತು.

*

"ಈಗ ನನ್ನದು ನೋಡು ಮಗಾ."

ಮೌನ ನಕ್ಕಳು. "ನಿಮ್ದೇನಾಗಿದೆ ಆಂಟಿ? ಹೋದ್ ವರ್ಷ ತಾನೆ ಕನ್ನಡಕ ಬದಲಾಯಿಸಿದ್ದು."

"ನೋಡು ಅಂದೆನಲ್ಲ."

ಬೆಳಕಿನ ಸೀಳು ಕಣ್ಣಿನ ಮೇಲೆ ಹಾದುಹೋಯಿತು. ಹೊರಗೆ ಹೂವಿನವಳು ಯಾರೊಡನೆಯೋ ಚೌಕಾಸಿ ಮಾಡುತ್ತಿದ್ದಳು. ಮೌನ ಬೆಳಕನ್ನು ಹಿಂದೆ ತಂದು ಅದೇ ಕಣ್ಣನ್ನು ಮತ್ತೊಮ್ಮೆ ನೋಡಿದಳು.

"ಆಂಟಿ, ನೀವೂ ಆ ಮಾತ್ರೆ ತಗೋತಿದ್ರಾ?"

"ಉಂಟಾ ಇಲ್ವಾ, ಅಷ್ಟು ಹೇಳು."

"ಇದೆ. ಕಾಂತಪ್ಪ ಅಂಕಲ್‌ಗಿಂತ ಕಮ್ಮಿ. ಆದ್ರೆ ಇದೆ."

ಗುಣವತಿ ಹೊರಗಿನ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದಳು. ಕುಡಿಯುವವರು ಮೂವರು. ತೊಗಟೆ ಬರುವುದು ಊರಿನಿಂದ. ಯಾರಾದರೂ ಊರಿನಲ್ಲೇ ಬೆರೆಸಿದ್ದರೆ, ದಾರಿಯಲ್ಲಿ ಬೆರೆಸಿದ್ದರೆ, ಮೂವರ ಕಣ್ಣಲ್ಲೂ ಗೆರೆ ಇರಲೇಬೇಕು. ಇಬ್ಬರದು ನೋಡಿ ಆಗಿತ್ತು. ಉಳಿದದ್ದು ಒಂದು ಜೊತೆ ಕಣ್ಣು.

ಗಂಡನ ಕಣ್ಣಲ್ಲಿ ವಿಷದ ಗೆರೆ ಇರಲಿ ತಾಯೀ ಎಂದು ಕಟೀಲಿನ ಅಮ್ಮನಿಗೆ ಹರಕೆ ಹೊತ್ತ ಹೆಂಡತಿ ಈ ಭೂಮಿಯ ಮೇಲೆ ಅವಳೊಬ್ಬಳೇ ಇರಬೇಕು. ಹೊತ್ತದ್ದು ಮಾತ್ರ ನಿಜ. ಹೂವಿನ ಪೂಜೆ, ಸೀರೆ, ಬೇಕಾದರೆ ಬರಿಗಾಲಲ್ಲಿ ಬರುತ್ತೇನೆ ಎಂದೂ ಹೇಳಿಕೊಂಡಳು.

ನಾಲ್ಕು ಗಂಟೆಗೆ ಜಯಪ್ರಕಾಶರು ಇಸ್ತ್ರಿಯ ಅಂಗಿ ತೊಟ್ಟು ಬಂದರು. ಕನ್ನಡಕದ ಗಾಜಿಗೆ ಗೀರು ಬಿದ್ದಿದೆ, ಬದಲಿಸೋಣ ಬನ್ನಿ ಎಂದು ಹೆಂಡತಿ ಕರೆದಿದ್ದಳು. ಗೀರು ಬಿದ್ದು ಆರು ತಿಂಗಳಾಗಿತ್ತು, ಈಗಲಾದರೂ ಇವಳಿಗೆ ನೆನಪಾಯಿತಲ್ಲ ಎಂದು ಅವರಿಗೆ ಖುಷಿಯೇ ಆಗಿತ್ತು. ಯಂತ್ರದ ಮುಂದೆ ಕೂತು, "ಜಾಗ್ರತೆ ಮಾರಾಯ್ತಿ, ಇರುವುದು ಎರಡೇ ಕಣ್ಣು," ಎಂದು ಮೌನಳನ್ನು ಚುಡಾಯಿಸಿದರು.

ಮೌನ ಬಲಗಣ್ಣು ನೋಡಿದಳು, ಎಡಗಣ್ಣು ನೋಡಿದಳು. ಗುಣವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದಳು. ಬೆರಳ ತುದಿ ಬೆಳ್ಳಗಾಯಿತು.

"ಕ್ಲಿಯರ್ ಆಗಿದೆ ಅಂಕಲ್," ಎಂದಳು ಮೌನ. "ಒಂದು ಗೆರೆ ಇಲ್ಲ. ಇಪ್ಪತ್ತು ವರ್ಷದವರ ಕಣ್ಣು ನಿಮ್ದು."

ಹೇಳಿದ ಮೇಲೆ ಅವಳು ಗುಣವತಿಯ ಕಡೆ ನೋಡಿದಳು. ಅವಳ ನಗು ಅಲ್ಲೇ ಆರಿತು.

ಮರಳುವಾಗ ಜಯಪ್ರಕಾಶರು ಎಂದಿನಂತೆ ಹೂವಿನವಳ ಬಳಿ ನಿಂತರು. "ರೆಂಡು ಮುಳಂ ಕುಡುಮ್ಮಾ," ಎಂದು ಎರಡು ಮೊಳ ಮಲ್ಲಿಗೆ ಅಳೆಸಿ ಹೆಂಡತಿಯ ಕೈಗಿತ್ತರು. ಮೂವತ್ತೊಂದು ವರ್ಷ ಪ್ರತಿ ಶುಕ್ರವಾರ ತಪ್ಪದೆ ಕೊಡಿಸಿದ ಮಲ್ಲಿಗೆ. ಗುಣವತಿ ಅದನ್ನು ಮುಡಿಯಲಿಲ್ಲ. ರೈಲ್ವೆ ಗೇಟಿನ ಗಲಾಟೆ ದಾಟಿ, ಮೂರು ಮಹಡಿ ಹತ್ತಿ, ಮನೆಯ ಬೀಗ ತೆಗೆಯುವವರೆಗೂ ಮುಷ್ಟಿಯಲ್ಲೇ ಹಿಡಿದುಕೊಂಡು ಬಂದಳು.

*

ಬೆಳಗಿನ ಪಾತ್ರೆಯ ತಳದಲ್ಲಿ ಕಷಾಯ ಒಂದು ಲೋಟದಷ್ಟು ಉಳಿದಿತ್ತು. ಅರ್ಧವನ್ನು ಪರೀಕ್ಷೆಗೆಂದು ಸಣ್ಣ ಸೀಸೆಗೆ ತುಂಬಿ ಬಿರಡೆ ಬಿಗಿದಳು. ಉಳಿದರ್ಧವನ್ನು ಬೆಚ್ಚಗೆ ಮಾಡಿ ಸ್ಟೀಲಿನ ಲೋಟಕ್ಕೆ ಬಗ್ಗಿಸಿ ಗಂಡನ ಮುಂದಿಟ್ಟಳು.

"ಕುಡೀರಿ."

"ಈಗ ಸಂಜೆ," ಎಂದರು ಜಯಪ್ರಕಾಶ. "ಪಾಲೆ ಬೆಳಿಗ್ಗೆ ಕುಡಿಯುವುದು."

"ಆಟಿ ಅಮಾವಾಸ್ಯೆ ಬಿಟ್ಟು ಬೇರೆ ದಿನ ಮುಟ್ಟಲೂ ಬಾರದು ಅಂತ ನನ್ನ ಅಜ್ಜಿ ಹೇಳ್ತಿದ್ರು. ಅದನ್ನೇ ಮುರಿದಾಯ್ತಲ್ಲ. ಕುಡೀರಿ."

ಅವರು ಲೋಟ ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕನ್ನಡಕಕ್ಕೆ ಅಂತ ಅಲ್ಲ ಅಲ್ವಾ ಕರ್ಕೊಂಡು ಹೋದದ್ದು?"

"ಅಲ್ಲ."

ಕೆಳಗೆ ತಾಂಬರಂ ಕಡೆಯ ರೈಲು ಹೋಯಿತು. ಕಿಟಕಿಯ ಗಾಜು ಎಂದಿನಂತೆ ಗಡಗಡ ಎಂದಿತು.

"ದಿನಾ ಬೆಳಿಗ್ಗೆ ಲೋಟ ಹಿಡ್ಕೊಂಡು ಬಾಲ್ಕನಿಗೆ ಹೋಗ್ತಿದ್ರಿ," ಎಂದಳು ಗುಣವತಿ. "ಗಾಳಿಗೆ ನಿಂತು ಕುಡಿದ್ರೆ ಕಹಿ ಗೊತ್ತಾಗುದಿಲ್ಲ ಅಂತ. ಎರಡು ವರ್ಷದಲ್ಲಿ ಮೂರು ಕರಿಬೇವಿನ ಗಿಡ ಸತ್ತಿತು ಅಲ್ಲಿ. ಮಣ್ಣು ಸರಿ ಇಲ್ಲ ಅಂತ ನಾನೇ ಹೊಸ ಮಣ್ಣು ತಂದು ಹಾಕಿದೆ."

ಅವರು ಬಾಲ್ಕನಿಯ ಕಡೆ ತಿರುಗಲಿಲ್ಲ. 'ಎಂತ ಗಿಡ, ಎಂತ ಮಾತು' ಎಂದು ರೇಗುತ್ತಾರೇನೋ ಎಂದು ಅವಳು ಒಂದು ನಿಮಿಷ ಆಸೆಯಿಂದ ಕಾದಳು. ರೇಗಲಿಲ್ಲ. ಅಷ್ಟರಲ್ಲೇ ಎಲ್ಲ ಮುಗಿಯಿತು.

"ಹಳೇ ಸ್ಯಾಂಪಲ್ ಮಾತ್ರೆಯಾ?"

"ಅದೇ. ಖಾಲಿ ಆದ ಮೇಲೆ ಹೊರಗಿನಿಂದ ತಂದೆ."

"ಕಷಾಯಕ್ಕೆ ಯಾವಾಗ ಹಾಕ್ತಿದ್ರಿ? ನಾನು ಅಲ್ಲೇ ಇರ್ತಿದ್ದೆನಲ್ಲ."

"ಕಷಾಯಕ್ಕಲ್ಲ. ಪುಡಿಯ ಡಬ್ಬಿಗೆ. ತಿಂಗಳಿಗೊಮ್ಮೆ, ನೀನು ಹಳೇ ಲ್ಯಾಬಿನವರನ್ನು ನೋಡ್ಲಿಕ್ಕೆ ಕೀಲ್ಪಾಕ್‌ಗೆ ಹೋದ ದಿನ. ದಿನಾ ನಿನ್ನ ಕಣ್ಣೆದುರು ಬೆರೆಸ್ಲಿಕ್ಕೆ ಆಗ್ತದಾ? ನಿನ್ನ ಕಣ್ಣು ಎಂಥದು ಅಂತ ನಂಗೆ ಗೊತ್ತಿಲ್ವಾ?"

ಅದನ್ನು ಅವರು ಹೊಗಳಿಕೆಯ ಹಾಗೆ ಹೇಳಿದರು.

"ನನ್ನ ಕಣ್ಣಲ್ಲೂ ಗೆರೆ ಉಂಟು."

ಜಯಪ್ರಕಾಶರು ಮೊದಲ ಬಾರಿಗೆ ಮುಖ ತಗ್ಗಿಸಿದರು. "ಕಡಿಮೆ ಇರ್ತದೆ," ಎಂದರು. "ನೀನು ಕುಡಿಯುವುದು ಅರ್ಧ ಲೋಟ."

ಅರ್ಧ ಲೋಟ! ಅಳೆದಿಟ್ಟಿದ್ದರು. ಅವಳು ದಿನವೂ ಎಷ್ಟು ಕುಡಿಯುತ್ತಾಳೆ, ಕುಡಿದದ್ದು ಎಷ್ಟು ದೂರ ಹೋಗುತ್ತದೆ, ಎಲ್ಲ ಗೊತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆಯನ್ನು ಅವಳು ಬೇರೆಯವರ ಮನೆಗಳಲ್ಲಿ ಎಷ್ಟೋ ಸಲ ಕಂಡಿದ್ದಳು, ಆ ಮನೆಯ ಹೆಂಗಸರಿಗೆ ಸಮಾಧಾನವನ್ನೂ ಹೇಳಿದ್ದಳು. ಆ ಸಮಾಧಾನದ ಮಾತುಗಳಲ್ಲಿ ಒಂದೂ ಈಗ ನೆನಪಿಗೆ ಬರಲಿಲ್ಲ.

"ಕಣ್ಣಾರೆ ನೋಡ್ತಿದ್ದಿ ನೀನು," ಎಂದಳು.

ನೀನು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ. ಜಯಪ್ರಕಾಶ ಬೆಚ್ಚಿದ. ಅವಳೇ ಕೊಡದ ಮರ್ಯಾದೆಯನ್ನು ಇನ್ನು ಈ ಕಥೆಯೂ ಅವನಿಗೆ ಕೊಡುವುದಿಲ್ಲ.

"ಏಳುನೂರು ಬೆಳಿಗ್ಗೆ. ನಾನು ಲೋಟ ಎತ್ತುದು, ನೀನು ನೋಡುದು. ಬೇಡ ಗುಣ, ನೀನು ಕುಡೀಬೇಡ ಅಂತ ಒಂದು ಮಾತು. ಒಂದೇ ಒಂದು ಮಾತು ಹೇಳ್ಲಿಕ್ಕೆ ನಾಲಿಗೆ ಏಳ್ಲಿಲ್ವಾ ನಿಂಗೆ?"

"ಹೇಳಿದ್ರೆ ನೀನು ಎಂತಕ್ಕೆ ಅಂತ ಕೇಳ್ತಿದ್ದಿ."

"ಕೇಳ್ತಿದ್ದೆ."

"ಕೇಳಿದ್ರೆ ಬಿಡ್ತಿರ್ಲಿಲ್ಲ."

"ಬಿಡ್ತಿರ್ಲಿಲ್ಲ."

"ಅದಕ್ಕೇ."

ಅವನ ದನಿಯಲ್ಲಿ ಹಗೆಯಿರಲಿಲ್ಲ, ಭಯವೂ ಇರಲಿಲ್ಲ. ಹಾಲಿನವನಿಗೆ ನಾಳೆ ಬರಬೇಡ ಎಂದು ಹೇಳಲು ಮರೆತವನ ದನಿಯಿತ್ತು. ಗುಣವತಿ ಮುಷ್ಟಿ ಬಿಡಿಸಿ ನೋಡಿದಳು. ಮಲ್ಲಿಗೆ ನುಗ್ಗಾಗಿ ಹೋಗಿತ್ತು. ಅದನ್ನು ಲೋಟದ ಪಕ್ಕದಲ್ಲಿಟ್ಟು ಕೈ ಒರೆಸಿಕೊಂಡಳು. ಅಳು ಬಂದರೆ ಅಳೋಣ ಎಂದುಕೊಂಡಳು, ಬರಲಿಲ್ಲ.

"ಕಾಂತಣ್ಣ ನಿಂಗೆ ಎಂತ ಮಾಡಿದ್ರು?"

"ಎಂತದೂ ಮಾಡ್ಲಿಲ್ಲ."

"ಮತ್ತೆ?"

ಅವನು ಲೋಟವನ್ನು ಮೇಜಿನ ಆಚೆಗೆ ಸರಿಸಿದ.

"ಒಂದೇ ಚಾಪೆಯಲ್ಲಿ ಮಲಗಿದವ ನೀನು. ಅವರ ಅನ್ನ ತಿಂದವ. ಅವರ ಹೃದಯ ಇನ್ನೆಷ್ಟು ದಿನ ಓಡ್ತದೆ ಅಂತ ಡಾಕ್ಟ್ರಿಗೇ ಗೊತ್ತಿಲ್ಲ. ಎಂತಕ್ಕೆ ಮಾಡಿದ್ದು?"

"ಇಷ್ಟು ದೂರ ಹೋಗ್ತದೆ ಅಂತ ಗೊತ್ತಿರ್ಲಿಲ್ಲ," ಎಂದ ಜಯಪ್ರಕಾಶ. "ಕಣ್ಣಿನಲ್ಲಿ ಬರ್ತದೆ, ಕಿಡ್ನಿಯಲ್ಲಿ ಸ್ವಲ್ಪ ಕಾಣ್ತದೆ, ನೋಡಿದವರಿಗೆ ವಂಶದ ಕಾಯಿಲೆ ಅನ್ನಿಸ್ತದೆ, ನಿಲ್ಲಿಸಿದ್ರೆ ಹೋಗ್ತದೆ. ಅಷ್ಟೇ ಅಂದ್ಕೊಂಡಿದ್ದೆ. ಹೆಚ್ಚು ಕೇಳ್ಬೇಡ. ಅದು ನನ್ನ ಬಾಯಿಂದ ಬರ್ಲಿಕ್ಕಿಲ್ಲ. ಪೊಲೀಸರನ್ನು ಕರಿ ಬೇಕಾದ್ರೆ."

"ಕರೀತೇನೆ. ಮೊದಲು ಕಾಂತಣ್ಣನಿಗೆ ಹೇಳ್ತೇನೆ."

ಅವನು ಎದ್ದುನಿಂತ. ಪೊಲೀಸರ ಹೆಸರಿಗೆ ಬಾರದ ಹೆದರಿಕೆ ಆ ಹೆಸರಿಗೆ ಅವನ ಮುಖದಲ್ಲಿ ಬಂತು. "ಅವನಿಗೆ ಹೇಳ್ಬೇಡ. ನಿನ್ನ ಕಣ್ಣಿನ ವಿಷಯ ಮಾತ್ರ ಅವನಿಗೆ ಹೇಳ್ಬೇಡ ಗುಣ."

ಅವಳು ಆಗಲೇ ಫೋನು ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಿದ್ದಳು. ನಾಲ್ಕನೆಯ ಕರಿಬೇವಿನ ಗಿಡ ಕುಂಡದಲ್ಲಿ ಹಳದಿಯಾಗಿ ನಿಂತಿತ್ತು. ಕಾಂತಪ್ಪನವರೇ ಎತ್ತಿದರು. ಹಿಂದೆ ಸಂಜೆಯ ತಿಂಡಿಯ ಗಲಾಟೆ, ಕಾವಲಿಗೆ ನೀರು ಚಿಮುಕಿಸಿದ ಚುಂಯ್ ಸದ್ದು, "ರೆಂಡು ರವಾ, ಒರು ಸೆಟ್" ಎನ್ನುವ ಕೂಗು.

"ಕಾಂತಣ್ಣ, ಎಲ್ಲಿದ್ದೀರೋ ಅಲ್ಲೇ ಕೂತು ಕೇಳಿ. ನಾಳೆಯಿಂದ ಪಾಲೆ ಮುಟ್ಟಬೇಡಿ. ಅದರಲ್ಲಿ ಬೆರಕೆ ಉಂಟು. ನಿಮ್ಮ ಕಾಯಿಲೆ ಬಂದದ್ದು ಅದರಿಂದಲೇ. ಕುಡಿದವರ ಕಣ್ಣಿನಲ್ಲಿ ಗೆರೆ ಬಂದಿದೆ. ನಿಮಗೆ ಬಂದ ಹಾಗೆ ನನಗೂ ಬಂದಿದೆ."

ಗುಣವತಿ ಕಾದಳು. ಏನು ಬೆರಕೆ ಎಂದು ಕೇಳುತ್ತಾರೆ, ಯಾರು ಬೆರೆಸಿದ್ದು ಎಂದು ಕೇಳುತ್ತಾರೆ. ಯಾರಾದರೂ ಕೇಳುವುದು ಅದನ್ನೇ. ಆ ಹೆಸರನ್ನು ಹೇಗೆ ಹೇಳಲಿ ಎಂದು ಅವಳು ಒಳಗೊಳಗೇ ಮಾತು ಜೋಡಿಸಿಕೊಳ್ಳುತ್ತಿದ್ದಳು.

ಕಾಂತಪ್ಪನವರು ಎರಡರಲ್ಲಿ ಒಂದನ್ನೂ ಕೇಳಲಿಲ್ಲ.

"ನಿನ್ನ ಕಣ್ಣಲ್ಲೂ ಉಂಟಾ?" ಎಂದರು. "ನಮಿತಾಳ ಮದುವೆ ನಿಂತ್ರೆ ಸಾಕಿತ್ತು ನಂಗೆ. ನಿಂಗೆ ಒಂದು ತೊಟ್ಟೂ ಹೋಗ್ಲಿಕ್ಕಿಲ್ಲ ಅಂತ ಜಯಪ್ರಕಾಶ ನಂಗೆ ಮಾತು ಕೊಟ್ಟಿದ್ದನಲ್ಲ ಗುಣ."